ನಿವೃತ್ತ ಅಧಿಕಾರಿಗಳಿಗೆ ಫೆಲೋಶಿಪ್: ವಿದ್ಯಾರ್ಥಿಗಳ ಹಕ್ಕಿಗಾಗಿ ದಾವಣಗೆರೆಯಲ್ಲಿ ಅರ್ಜಿ ಕೇಂದ್ರ ಕಟ್ಟುವ ಬಗೆ

ಟಿಸಿ ಕೊಡದ ಶಾಲೆ, ಖಾತೆಗೆ ಬಾರದ ವಿದ್ಯಾರ್ಥಿವೇತನ, ಜಾತಿ ಹಿಡಿದು ಬೈಯುವ ಸಿಬ್ಬಂದಿ, ಪರೀಕ್ಷೆಯ ಹಿಂದಿನ ದಿನವೂ ಕೈಗೆ ಸಿಗದ ಹಾಲ್ ಟಿಕೆಟ್. ಇವಕ್ಕೆಲ್ಲ ಕಾನೂನು ಇದೆ, ಇಲಾಖೆಯೂ ಇದೆ. ಯಾವ ಅರ್ಜಿ ಯಾರ ಟೇಬಲ್ಲಿಗೆ ಹೋಗಬೇಕು, ಅಲ್ಲಿಂದ ಎಷ್ಟು ದಿನಕ್ಕೆ ಏಳಬೇಕು ಅಂತ ಗೊತ್ತಿರುವವರು ಮಾತ್ರ ಸಿಗುವುದಿಲ್ಲ. ಅವರು 60 ತುಂಬಿ ನಿವೃತ್ತರಾಗಿ, ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕಿನಲ್ಲೋ ಬೆಳಗಿನ ವಾಕಿಂಗ್ ಮುಗಿಸಿ ಪೇಪರ್ ಓದುತ್ತಿರುತ್ತಾರೆ.

ಇಂಥವರಿಗೆ ಗೌರವಧನದ ಫೆಲೋಶಿಪ್ ಕೊಟ್ಟು ವಿದ್ಯಾರ್ಥಿಗಳ ನೆರವಿಗೆ ಕೂರಿಸುವ ಯೋಚನೆ ಅಮೆರಿಕದಲ್ಲಿ ಬೇರೆ ಕಾರಣಕ್ಕೆ ಹುಟ್ಟಿತು. 2025ರ ಮಾರ್ಚ್‌ನಲ್ಲಿ ಅಲ್ಲಿನ ಶಿಕ್ಷಣ ಇಲಾಖೆ, ತಾರತಮ್ಯದ ದೂರು ನೋಡುವ ತನ್ನ ನಾಗರಿಕ ಹಕ್ಕು ಕಚೇರಿಯ 12 ಪ್ರಾದೇಶಿಕ ಘಟಕಗಳಲ್ಲಿ 7ನ್ನು ಮುಚ್ಚಿತು. ಕೆಲಸ ಹೋದ ತಜ್ಞರ ಅನುಭವ ವಿದ್ಯಾರ್ಥಿಗಳ ಕೈತಪ್ಪಬಾರದೆಂದು ಅವರಿಗೆ ಫೆಲೋಶಿಪ್ ಕೊಡುವ ದಾರಿಯನ್ನು ಅಲ್ಲಿ ಕೆಲವರು ಹುಡುಕಿದರು. ನಮ್ಮಲ್ಲಿ ಕಚೇರಿ ಮುಚ್ಚಿಲ್ಲ. ಆದರೆ ಪ್ರತಿ ತಿಂಗಳ ಕೊನೆಯ ದಿನ ಯಾರೋ ಒಬ್ಬರು ಶಾಲು ಹಾರ ಹಾಕಿಸಿಕೊಂಡು ಮೂವತ್ತು ವರ್ಷದ ಕಡತಜ್ಞಾನವನ್ನು ಮನೆಗೆ ಒಯ್ಯುತ್ತಾರೆ.

ಟ್ರಸ್ಟ್, ಸಂಘ, ಹಳೆ ವಿದ್ಯಾರ್ಥಿಗಳ ಬಳಗ, ಯಾರು ಬೇಕಾದರೂ ಇಂಥ ಫೆಲೋಶಿಪ್ ಕೊಟ್ಟು, ವಿದ್ಯಾರ್ಥಿಗಳಿಗೆ ಅರ್ಜಿ ಬರೆದುಕೊಡುವ ಕೇಂದ್ರ ನಡೆಸಬಹುದು. ಒಂದು ಮಾತು ಮೊದಲೇ ಸ್ಪಷ್ಟವಿರಲಿ. ಗೌರವಧನ ಕೊಡುವುದು ಕಡತದ ದಾರಿ ಬಲ್ಲವರಿಗೆ. ವಶೀಲಿಗೆ ಅಲ್ಲ. "ನಾನೊಂದು ಫೋನ್ ಮಾಡಿ ಹೇಳ್ತೀನಿ ಬಿಡ್ರಿ" ಎನ್ನುವ ಮಾತು ಶುರುವಾದ ದಿನದಿಂದ ಕೇಂದ್ರ ಹಾಳಾಗುತ್ತದೆ. ಫೋನಿನಲ್ಲಿ ಆದ ಕೆಲಸಕ್ಕೆ ಕಾಗದ ಇರುವುದಿಲ್ಲ, ಮೇಲ್ಮನವಿ ಹಾಕಲು ಆಗುವುದಿಲ್ಲ, ಮುಂದಿನ ಮಗುವಿಗೆ ಮತ್ತೆ ಫೋನೇ ಬೇಕಾಗುತ್ತದೆ.

ಯಾರನ್ನು ಆರಿಸಬೇಕು

ಮೂವರು ಸಾಕು, ಆದರೆ ಮೂರು ಇಲಾಖೆಯವರಿರಬೇಕು. ಶಾಲಾ ಶಿಕ್ಷಣದಿಂದ ಒಬ್ಬರು: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಶಿಕ್ಷಣ ಸಂಯೋಜಕ ಅಥವಾ ಕಚೇರಿ ಅಧೀಕ್ಷಕ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯಿಂದ ಒಬ್ಬರು. ಕಂದಾಯದಿಂದ ಒಬ್ಬರು: ಶಿರಸ್ತೇದಾರ್ ಅಥವಾ ಉಪತಹಶೀಲ್ದಾರ್. ಒಂದು ವಿದ್ಯಾರ್ಥಿವೇತನದ ತಕರಾರು ಬಿಡಿಸಲು ಹೊರಟರೆ ಜಾತಿ ಪ್ರಮಾಣಪತ್ರ ತಾಲ್ಲೂಕು ಕಚೇರಿಯಲ್ಲಿ, ದಾಖಲಾತಿ ಕಾಲೇಜಿನಲ್ಲಿ, ಮಂಜೂರಾತಿ ಸಮಾಜ ಕಲ್ಯಾಣದಲ್ಲಿ ಇರುತ್ತದೆ. ಒಂದೇ ಇಲಾಖೆಯ ಮೂವರನ್ನು ಕೂರಿಸಿದರೆ ಮೂರರಲ್ಲಿ ಎರಡು ಬಾಗಿಲು ಕತ್ತಲೆ.

ಹುದ್ದೆ ದೊಡ್ಡದಿದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಕಡತ ಕಟ್ಟಿ, ಟಿಪ್ಪಣಿ ಬರೆದು ಮಂಡಿಸಿದ್ದು ವಿಷಯ ನಿರ್ವಾಹಕರು. ಸಹಿ ಮಾತ್ರ ಹಾಕಿದ ಅಧಿಕಾರಿಗಿಂತ ಇಪ್ಪತ್ತು ವರ್ಷ ವಿದ್ಯಾರ್ಥಿವೇತನ ವಿಭಾಗದಲ್ಲಿ ಕೂತ ಪ್ರಥಮ ದರ್ಜೆ ಸಹಾಯಕರು ಈ ಕೆಲಸಕ್ಕೆ ಹೆಚ್ಚು ಒದಗುತ್ತಾರೆ. ನಿವೃತ್ತಿಯಾಗಿ ಐದು ವರ್ಷದ ಒಳಗಿನವರಾದರೆ ಅನುಕೂಲ. ಶಾಲಾ ಮಕ್ಕಳ ದಾಖಲೆ ಇಡುವ ಸ್ಯಾಟ್ಸ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಗಡುವಿನೊಳಗೆ ಸೇವೆ ಕೊಡಿಸುವ ಸಕಾಲ ಎಲ್ಲ ಆನ್‌ಲೈನ್ ಆದ ಮೇಲೆ ಹಳೆಯ ರೂಢಿ ಅರ್ಧ ಕೆಲಸಕ್ಕೆ ಬರುವುದಿಲ್ಲ.

ಸಂದರ್ಶನದಲ್ಲಿ ಅನುಭವ ಹೇಳಿಸಬೇಡಿ, ಬರೆಸಿ. ಹೆಸರು ತೆಗೆದ ಒಂದು ನಿಜ ಪ್ರಕರಣ ಕೊಟ್ಟು, 40 ನಿಮಿಷದಲ್ಲಿ ಒಂದು ಪುಟದ ಅರ್ಜಿ ಕೇಳಿ. ಯಾರಿಗೆ, ಯಾವ ಕಾಯ್ದೆಯ ಯಾವ ಸೆಕ್ಷನ್ ಅಡಿ, ಏನು ನಡೆಯಿತು, ಏನು ಬೇಕು, ಲಗತ್ತು ಏನೇನು ಎಂಬ ಐದೂ ಅದರಲ್ಲಿರಬೇಕು. "ತಾವು ದಯಾಳುಗಳು, ಬಡ ಮಗುವಿನ ಭವಿಷ್ಯ ತಮ್ಮ ಕೈಲಿದೆ" ಎಂದು ಮುಕ್ಕಾಲು ಪುಟ ತುಂಬಿಸಿದರೆ ಬೇರೆಯವರನ್ನು ನೋಡಿ. ಇಲಾಖಾ ವಿಚಾರಣೆ, ಲೋಕಾಯುಕ್ತ ಪ್ರಕರಣ ಬಾಕಿ ಇಲ್ಲವೆಂದು ಬರಹದಲ್ಲಿ ಘೋಷಣೆ ಪಡೆಯಿರಿ. ನಿವೃತ್ತಿಯ ನಂತರ ಕೆಲಸ ಒಪ್ಪಿಕೊಳ್ಳಲು ಸರ್ಕಾರದ ಅನುಮತಿ ಬೇಕೇ ಎಂಬುದನ್ನು, ಮುಖ್ಯವಾಗಿ ಗ್ರೂಪ್ ಎ ಹುದ್ದೆಯಲ್ಲಿದ್ದವರು, ತಮ್ಮ ಹಳೆ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಂಡೇ ಬರಲಿ.

ಹಣ ಮತ್ತು ಕರಾರು

ಅವಧಿ ಜೂನ್‌ನಿಂದ ಮಾರ್ಚ್‌ವರೆಗೆ 10 ತಿಂಗಳು. ವಾರಕ್ಕೆ ಮೂರು ದಿನ, ತಿಂಗಳಿಗೆ 12,000 ರೂಪಾಯಿ ಗೌರವಧನ ಇಟ್ಟರೆ ಮೂವರಿಗೆ 3,60,000. ಬಸ್ಸು, ಜೆರಾಕ್ಸ್ ಎಂದು ತಲಾ 2,000ದಂತೆ 60,000. ಪೋರ್ಟಲ್ ಕೆಲಸ ಬಲ್ಲ ಒಬ್ಬ ಯುವಕ ಅಥವಾ ಯುವತಿಗೆ ತಿಂಗಳಿಗೆ 15,000ದಂತೆ 11 ತಿಂಗಳಿಗೆ 1,65,000. ಅಂಚೆ, ಮಾಹಿತಿ ಹಕ್ಕು ಶುಲ್ಕ, ಕಾಗದಕ್ಕೆ 15,000. ಒಟ್ಟು ಆರು ಲಕ್ಷ. ಬಾಡಿಗೆ ಇದರಲ್ಲಿಲ್ಲ. ಗ್ರಂಥಾಲಯದ ಮೂಲೆ, ಸಂಘದ ಕೋಣೆ ಕೇಳಿ ಪಡೆಯಿರಿ. ಖರ್ಚು ತಗ್ಗಿಸಲೇಬೇಕಾದರೆ ಒಬ್ಬ ಫೆಲೋ ಕಡಿಮೆ ಮಾಡಿ, ಕಂಪ್ಯೂಟರ್ ಸಹಾಯಕರನ್ನು ತೆಗೆಯಬೇಡಿ. ಗೌರವಧನ ಬ್ಯಾಂಕ್ ಖಾತೆಗೇ ಹೋಗಲಿ. ಪ್ಯಾನ್ ಮತ್ತು ಟಿಡಿಎಸ್ ವಿಷಯ ಮೊದಲ ತಿಂಗಳೇ ಲೆಕ್ಕಪರಿಶೋಧಕರಿಗೆ ಒಪ್ಪಿಸಿ.

ಕರಾರಿನಲ್ಲಿ ಇರಲೇಬೇಕಾದ ಷರತ್ತುಗಳಿವೆ. ವಿದ್ಯಾರ್ಥಿ, ಪೋಷಕರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ, ಬಾಳೆಗೊನೆಯನ್ನೂ. ಹಳೆಯ ಹುದ್ದೆಯ ಸೀಲು, ಲೆಟರ್‌ಹೆಡ್ ಬಳಸುವಂತಿಲ್ಲ. ತಾವೇ ಆದೇಶ ಮಾಡಿದ್ದ ಅಥವಾ ಟಿಪ್ಪಣಿ ಬರೆದಿದ್ದ ವಿಷಯ ಬಂದರೆ ಬೇರೆ ಫೆಲೋಗೆ ಬಿಡಬೇಕು. ಕಚೇರಿಗೆ ಹೋದಾಗ ಹಳೆ ಸಹೋದ್ಯೋಗಿಯ ಜೊತೆ ಚಹಾ ಕುಡಿಯಲಿ, ಅಭ್ಯಂತರವಿಲ್ಲ. ಅರ್ಜಿ ಮಾತ್ರ ಕಚೇರಿಯ ಟಪಾಲು ವಿಭಾಗದಲ್ಲೇ ಕೊಟ್ಟು ಸ್ವೀಕೃತಿ ಪಡೆಯಬೇಕು. ನ್ಯಾಯಾಲಯದಲ್ಲಿ ವಾದಿಸುವುದು ವಕೀಲರಿಗೆ ಮಾತ್ರ ಸೇರಿದ ಕೆಲಸ. ಅಲ್ಲಿಗೆ ಮುಟ್ಟುವ ಪ್ರಕರಣವನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕಳಿಸಿ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ಕೂರುವ ಜಾಗ, ಬರೆದುಕೊಳ್ಳುವ ಕ್ರಮ

ಎರಡು ದಿನ ದಾವಣಗೆರೆಯಲ್ಲಿ, ಒಂದು ದಿನ ತಾಲ್ಲೂಕಿನಲ್ಲಿ ಕೂರಲಿ. ತಾಲ್ಲೂಕಿಗೆ ಸಂತೆಯ ದಿನವನ್ನೇ ಆರಿಸಿ. ಜಗಳೂರು ಕಡೆಯ ಹಳ್ಳಿಯಿಂದಾಗಲಿ ಚನ್ನಗಿರಿ ಕಡೆಯ ತಾಂಡಾದಿಂದಾಗಲಿ ಕೂಲಿ ಬಿಟ್ಟು ಅರ್ಜಿಗಾಗಿಯೇ ಬರುವುದು ಕಷ್ಟ. ಸಂತೆಗೆ ಹೇಗೂ ಬಂದಿರುತ್ತಾರೆ.

ಪ್ರತಿ ಪ್ರಕರಣಕ್ಕೆ ಒಂದು ಪುಟ. ವಿದ್ಯಾರ್ಥಿಯ ಹೆಸರು ಆಧಾರ್‌ನಲ್ಲಿ ಇರುವಂತೆ ಒಂದು ಸಾಲು, ಶಾಲಾ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆ ಇನ್ನೊಂದು ಸಾಲು. ಅರ್ಧ ತಕರಾರು ಈ ಎರಡು ಸಾಲಿನ ವ್ಯತ್ಯಾಸದಲ್ಲೇ ಸಿಗುತ್ತದೆ. ಆಮೇಲೆ ಸ್ಯಾಟ್ಸ್ ಸಂಖ್ಯೆ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಘಟನೆ ನಡೆದ ದಿನಾಂಕ, ಈವರೆಗೆ ಯಾರಿಗೆ ಏನು ಕೊಟ್ಟಿದ್ದಾರೆ, ಸ್ವೀಕೃತಿ ಇದೆಯೋ ಇಲ್ಲವೋ. ಮೂಲ ದಾಖಲೆ ಇಟ್ಟುಕೊಳ್ಳಬೇಡಿ. ಜೆರಾಕ್ಸ್ ತೆಗೆದು ಆಗಲೇ ವಾಪಸ್ ಕೊಡಿ. ಬೇರೆಯವರು ಮೂಲ ಅಂಕಪಟ್ಟಿ ಇಟ್ಟುಕೊಂಡಿದ್ದಾರೆಂದು ದೂರು ಬರೆಯುವ ಕೇಂದ್ರದ ಬೀರುವಿನಲ್ಲೇ ಮೂಲ ಅಂಕಪಟ್ಟಿ ಸಿಕ್ಕರೆ ಚೆನ್ನಾಗಿರುವುದಿಲ್ಲ.

ಬಂದ ಪ್ರಕರಣವನ್ನು ತುರ್ತು ನೋಡಿ ಬೇರ್ಪಡಿಸಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಫೆಲೋ ವಿಚಾರಣೆ ಮಾಡಬಾರದು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೇ 21ನೇ ಸೆಕ್ಷನ್ ಅಡಿ ಅಪರಾಧ. ಮಕ್ಕಳ ಸಹಾಯವಾಣಿ 1098. ಮಗುವಿನಿಂದ ಮತ್ತೆ ಮತ್ತೆ ಕಥೆ ಹೇಳಿಸುವುದು, ವಿಡಿಯೊ ಮಾಡುವುದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಮಗುವಿಗೂ ಪ್ರಕರಣಕ್ಕೂ ಕೇಡು. ರ‍್ಯಾಗಿಂಗ್ ಇದ್ದರೆ 1800-180-5522. ಹಾಲ್ ಟಿಕೆಟ್ ತಡೆದ ಪ್ರಕರಣವನ್ನು ಅವತ್ತೇ ಉಪನಿರ್ದೇಶಕರ ಕಚೇರಿಗೆ ಒಯ್ಯಬೇಕು, ಅಂಚೆಗೆ ಹಾಕಿದರೆ ಪರೀಕ್ಷೆ ಮುಗಿದ ಮೇಲೆ ತಲುಪುತ್ತದೆ.

ವಿಳಾಸ ತಪ್ಪುವುದು ತೀರಾ ಸಾಮಾನ್ಯ. 1ರಿಂದ 10ನೇ ತರಗತಿಗೆ ಬಿಇಒ, ಮೇಲೆ ಡಿಡಿಪಿಐ (ಸಾರ್ವಜನಿಕ ಶಿಕ್ಷಣ ಉಪನಿರ್ದೇಶಕರು). ದಾವಣಗೆರೆ ತಾಲ್ಲೂಕಿಗೆ ಉತ್ತರ, ದಕ್ಷಿಣ ಎಂದು ಎರಡು ಬಿಇಒ ವಲಯಗಳಿವೆ, ಶಾಲೆ ಯಾವುದರಲ್ಲಿದೆ ನೋಡಿಕೊಳ್ಳಿ. ಪಿಯು ದೂರನ್ನು ಬಿಇಒಗೆ ಕೊಟ್ಟರೆ ವಾರಗಟ್ಟಲೆ ಅಲ್ಲೇ ಮಲಗುತ್ತದೆ, ಅದು ಪದವಿಪೂರ್ವ ಉಪನಿರ್ದೇಶಕರಿಗೆ ಹೋಗಬೇಕು. ಪದವಿಗೆ ಕಾಲೇಜು ಶಿಕ್ಷಣ ಇಲಾಖೆ ಮತ್ತು ದಾವಣಗೆರೆ ವಿಶ್ವವಿದ್ಯಾಲಯ, ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳೂ ಇದರ ವ್ಯಾಪ್ತಿಯವೇ. ಖಾಸಗಿ ಶಾಲೆಯ ಮೇಲಿನ ದೂರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವಿದೆ.

ಟಿಸಿ ಮತ್ತು ದಾಖಲಾತಿ

ಜೂನ್, ಜುಲೈನಲ್ಲಿ ಬರುವುದು ಹೆಚ್ಚಾಗಿ ಇದೇ. ಮೊಳಕಾಲ್ಮುರು, ಜಗಳೂರಿನಂಥ ಒಣ ತಾಲ್ಲೂಕಿನಿಂದ ಗುಳೆ ಹೋದ ಮನೆಯ ಮಗು ವರ್ಷದ ನಡುವೆ ವಾಪಸ್ ಬರುತ್ತದೆ, ಹಳೆ ಶಾಲೆಯವರು ಬಾಕಿ ಶುಲ್ಕ ಕಟ್ಟದೆ ಟಿಸಿ ಇಲ್ಲ ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಮುಖ್ಯೋಪಾಧ್ಯಾಯರು ಕೂಡಲೇ ಟಿಸಿ ಕೊಡಬೇಕು ಅನ್ನುತ್ತದೆ. ಟಿಸಿ ತಡವಾಯಿತೆಂದು ಹೊಸ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವುದನ್ನು 14ನೇ ಸೆಕ್ಷನ್ ತಡೆಯುತ್ತದೆ. ದೇಹದಂಡನೆ, ಮಾನಸಿಕ ಹಿಂಸೆಗೆ 17ನೇ ಸೆಕ್ಷನ್. ಇವು 6ರಿಂದ 14 ವರ್ಷದ ಮಕ್ಕಳಿಗಿರುವ ರಕ್ಷಣೆ. 9ನೇ ತರಗತಿಯ 15 ವರ್ಷದ ಹುಡುಗಿಯ ಅರ್ಜಿಯಲ್ಲಿ ಇದೇ ಸೆಕ್ಷನ್ ಬರೆದರೆ ಎದುರಿನವರಿಗೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ.

ಕಾಗದದ ಟಿಸಿ ಸಿಕ್ಕರೂ ಕೆಲಸ ಮುಗಿದಿರುವುದಿಲ್ಲ. ಹಳೆ ಶಾಲೆ ಸ್ಯಾಟ್ಸ್‌ನಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಹೆಸರು ಬರುವುದಿಲ್ಲ. ಅರ್ಜಿಯಲ್ಲಿ ಎರಡನ್ನೂ ಕೇಳಿ. ನಮೂನೆ ಹೀಗಿರಲಿ:

"ಇವರಿಗೆ: ಸ್ಥಳೀಯ ಪ್ರಾಧಿಕಾರ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೂಲಕ. ವಿಷಯ: ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 32ರ ಅಡಿ ದೂರು. ನನ್ನ ಮಗ/ಮಗಳು (ಹೆಸರು, ಸ್ಯಾಟ್ಸ್ ಸಂಖ್ಯೆ) (ಶಾಲೆ)ಯಲ್ಲಿ (ತರಗತಿ)ಯವರೆಗೆ ಓದಿದ್ದು, (ದಿನಾಂಕ)ದಂದು ವರ್ಗಾವಣೆ ಪತ್ರಕ್ಕೆ ಲಿಖಿತ ಅರ್ಜಿ ಕೊಟ್ಟಿರುತ್ತೇನೆ. ಈವರೆಗೆ ಕೊಟ್ಟಿರುವುದಿಲ್ಲ. ಇದು ಸೆಕ್ಷನ್ 5ರ ಉಲ್ಲಂಘನೆ. ಕೋರಿಕೆ: ಒಂದು, ವರ್ಗಾವಣೆ ಪತ್ರ ಕೊಡಿಸುವುದು. ಎರಡು, ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡಿಸುವುದು. ಮೂರು, ಅಲ್ಲಿಯವರೆಗೆ (ಹೊಸ ಶಾಲೆ)ಯಲ್ಲಿ ದಾಖಲಾತಿ ನಿರಾಕರಿಸದಂತೆ ನಿರ್ದೇಶಿಸುವುದು. ತೆಗೆದುಕೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡುವುದು."

32ನೇ ಸೆಕ್ಷನ್ ಹೆಸರು ಬರೆದರೆ ಅದು ಕಾಯ್ದೆಯ ದೂರೆಂದು ಸ್ಪಷ್ಟ, ಬರೆಯದಿದ್ದರೆ ಬರೀ ಮನವಿಯೆಂದು ಬದಿಗಿಡಬಹುದು. ದೂರನ್ನು ವಿಚಾರಿಸಿ 3 ತಿಂಗಳಲ್ಲಿ ತೀರ್ಮಾನಿಸಬೇಕು, ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಆಯೋಗ ಮೊದಲು ಕೇಳುವುದೇ ಕೆಳಹಂತದ ಸ್ವೀಕೃತಿ ಮತ್ತು ಹಿಂಬರಹ. ಟಪಾಲು ಗುಮಾಸ್ತರು ಸ್ವೀಕೃತಿ ಕೊಡಲು ತಕರಾರು ಮಾಡಿದರೆ ಅಲ್ಲೇ ಜಗಳವಾಡಬೇಡಿ. ಅಂಚೆ ಕಚೇರಿಯಿಂದ ಕಳಿಸಿ ರಸೀದಿಯನ್ನು ಪ್ರತಿಗೆ ಪಿನ್ ಮಾಡಿ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯ ಉಚಿತ 25% ಸೀಟಿನ ಆಸೆ ಹಿಡಿದು ಬರುವ ಪೋಷಕರಿಗೆ ನೇರವಾಗಿ ಹೇಳಿಬಿಡಿ: 2019ರಿಂದ ಕರ್ನಾಟಕದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಆ ಹೊಣೆ ಇಲ್ಲ.

ವಿದ್ಯಾರ್ಥಿವೇತನ ಮತ್ತು ಜಾತಿ ಪ್ರಮಾಣಪತ್ರ

"ಮಂಜೂರಾಗಿದೆ, ದುಡ್ಡು ಬಂದಿಲ್ಲ" ಎಂದರೆ ಮೊದಲು ಬ್ಯಾಂಕ್ ನೋಡಿ, ಇಲಾಖೆ ಆಮೇಲೆ. ಹಣ ಹೋಗುವುದು ಪಾಸ್‌ಬುಕ್ ತೋರಿಸಿದ ಖಾತೆಗೆ ಅಲ್ಲ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ಜಾಲ) ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಯಾವುದೋ ಮೊಬೈಲ್ ಪೇಮೆಂಟ್ ಬ್ಯಾಂಕಿನಲ್ಲಿ ಸಿಮ್ ಜೊತೆ ತೆರೆದ ಖಾತೆಗೆ ಹಣ ಬಂದು ಕೂತಿರುವುದುಂಟು. ಬರೀ ಕೆವೈಸಿಗೆ ಆಧಾರ್ ಕೊಟ್ಟಿದ್ದರೆ ಅದು ಜೋಡಣೆಯಲ್ಲ, ಬ್ಯಾಂಕಿಗೆ ಬೇರೆ ಅರ್ಜಿ ಬೇಕು. ಮುಂದಿನ ತಡೆಗಳು ಆರ್‌ಡಿ ಸಂಖ್ಯೆ ಹೊಂದಿಕೆಯಾಗದಿರುವುದು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು, ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ದೃಢೀಕರಿಸದೆ ಬಿಟ್ಟಿರುವುದು. ಕೊನೆಯದಕ್ಕೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು ಪ್ರತಿಯನ್ನು ಇಲಾಖೆಗೆ ಹಾಕಿ. ಬಾಯಿಮಾತಿಗೆ "ಸರ್ವರ್ ಡೌನ್" ಎಂಬ ಉತ್ತರ ಸದಾ ಸಿದ್ಧ.

ಜಾತಿ ಪ್ರಮಾಣಪತ್ರದಲ್ಲಿ ಕಂದಾಯದ ಫೆಲೋ ತಮ್ಮ ಬೆಲೆ ತೋರಿಸುತ್ತಾರೆ. ಈ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಹೋಗಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ನ್ಯಾಮತಿ ಹೊನ್ನಾಳಿಯಿಂದ ಒಡೆದ ತಾಲ್ಲೂಕು. ಹಾಗಾಗಿ ತಂದೆಯ ಶಾಲಾ ದಾಖಲೆ, ಪ್ರಮಾಣಪತ್ರದಲ್ಲಿ ಒಂದು ಜಿಲ್ಲೆ, ಮಗನ ಅರ್ಜಿಯಲ್ಲಿ ಇನ್ನೊಂದು. ಇದನ್ನು ವಿಳಾಸ ವ್ಯತ್ಯಾಸವೆಂದು ವಾಪಸ್ ಮಾಡುತ್ತಾರೆ. "1997ರಲ್ಲಿ ಜಿಲ್ಲೆ ಪುನರ್‌ವಿಂಗಡಣೆಯಾದ ಕಾರಣ ಹೆಸರು ಬದಲಾಗಿದೆ, ಊರು ಅದೇ" ಎಂದು ಅರ್ಜಿಯಲ್ಲೇ ಒಂದು ಸಾಲು ಹಾಕಿ. ಶಾಲಾ ದಾಖಲೆಯಲ್ಲಿ ಗೊಲ್ಲ, ಅರ್ಜಿಯಲ್ಲಿ ಕಾಡುಗೊಲ್ಲ. ಒಂದರಲ್ಲಿ ಲಂಬಾಣಿ, ಇನ್ನೊಂದರಲ್ಲಿ ಬಂಜಾರ. ಇಂಥ ಕಡೆ ತಂದೆ, ಚಿಕ್ಕಪ್ಪ, ಅಣ್ಣನ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಸ್ಥಳ ಪರಿಶೀಲನೆ ಮಾಡಲು ಲಿಖಿತವಾಗಿ ಕೋರಿ.

ಅರ್ಜಿ ಹಾಕಿದಾಗ ಸಿಗುವ ಸಕಾಲ ಸ್ವೀಕೃತಿ ಎಸೆಯಬಾರದು. ಕೊಡಬೇಕಾದ ದಿನಾಂಕ ಅದರಲ್ಲೇ ಇರುತ್ತದೆ. ದಾಟಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಸಣ್ಣದು, ಆದರೆ ಮೇಲ್ಮನವಿ ಬಿದ್ದರೆ ವಿಳಂಬ ದಾಖಲೆಯಲ್ಲಿ ಉಳಿಯುತ್ತದೆ, ಅದಕ್ಕೇ ಕಡತ ಏಳುತ್ತದೆ. ತಹಶೀಲ್ದಾರರು ತಿರಸ್ಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಹೊಸದಾಗಿ ಅರ್ಜಿ ಹಾಕುತ್ತ ಕೂತು ಈ 30 ದಿನ ಕಳೆದುಕೊಳ್ಳುವವರೇ ಬಹಳ.

ಜಾತಿ ನಿಂದನೆ, ತಾರತಮ್ಯ

ಇಲ್ಲಿ ಅರ್ಜಿಯ ಒಂದೊಂದು ಪದವೂ ಮುಂದೆ ಸಾಕ್ಷ್ಯ. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯ 3(1)(ಆರ್) ಮತ್ತು (ಎಸ್) ಅಡಿ ಅವಮಾನ, ನಿಂದನೆ ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಆಗಿರಬೇಕು. ಬಹಳ ದೂರುಗಳು ಸೋಲುವುದು ಎಲ್ಲಿ ನಡೆಯಿತು, ಯಾರು ಕೇಳಿಸಿಕೊಂಡರು ಎಂದು ಬರೆಯದೆ ಇರುವುದರಿಂದ. "ಜಾತಿ ಹೆಸರು ಹಿಡಿದು ಬೈದರು" ಅಂತ ಬರೆದರೆ ಸಾಲದು, ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ. ಬರೆಯಲು ಮುಜುಗರವಾದರೂ ಸರಿ. ದೂರುದಾರರ ಜಾತಿ ಪ್ರಮಾಣಪತ್ರ ಲಗತ್ತಿಸಿ. ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಲ್ಲ ಎಂಬುದೂ ದೂರಿನಲ್ಲಿರಬೇಕು. ಶಾಲೆ ಅಥವಾ ಹಾಸ್ಟೆಲಿಗೆ ಅಸ್ಪೃಶ್ಯತೆಯ ಕಾರಣಕ್ಕೆ ಸೇರಿಸಿಕೊಳ್ಳದಿದ್ದರೆ 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಕೂಡ ಇದೆ.

"ಮೊದಲು ವಿಚಾರಣೆ ಮಾಡ್ತೀವಿ, ಆಮೇಲೆ ಎಫ್‌ಐಆರ್" ಎಂದು ಪೊಲೀಸರು ಹೇಳಿದರೆ ಇದೇ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಸೆಕ್ಷನ್ ತೋರಿಸಿ, ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಅಗತ್ಯವಿಲ್ಲ. ತನಿಖೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರಿಂದ, 60 ದಿನದಲ್ಲಿ. ಠಾಣೆಯಲ್ಲಿ ಕೆಲಸ ಆಗದಿದ್ದರೆ ಜಿಲ್ಲಾ ಎಸ್‌ಪಿಗೆ ಮತ್ತು ಪೊಲೀಸ್ ಇಲಾಖೆಯ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಬರೆಯಿರಿ. ಊರಿನ ರಾಜಿ ಪಂಚಾಯ್ತಿಗೆ ಫೆಲೋ ಹೋಗಿ ಕೂರಬಾರದು. ನಿವೃತ್ತ ಅಧಿಕಾರಿಗಳನ್ನು ಹಿರಿಯರೆಂದು ಕರೆದು ಮುಂದೆ ಕೂರಿಸುವುದು ನಮ್ಮ ಕಡೆ ಸಹಜ. ಕೂತರೆ, ಕೇಂದ್ರವೇ ರಾಜಿ ಮಾಡಿಸಿತು ಎಂದಾಗುತ್ತದೆ.

ಕಾಲೇಜಿನವರ ದೂರು

ಸೀಟು ಬಿಟ್ಟ ವಿದ್ಯಾರ್ಥಿಯ ಮೂಲ ದಾಖಲೆ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಆ ಅಧಿಸೂಚನೆಯ ಪ್ರಕಾರ ಶುಲ್ಕ ವಾಪಸಾತಿ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲಾದರೆ 100%, ಅದಕ್ಕಿಂತ ಹತ್ತಿರವಾದರೆ 90%, ಕೊನೆಯ ದಿನ ದಾಟಿ 15 ದಿನದೊಳಗೆ 80%, 30 ದಿನದೊಳಗೆ 50%, ಆಮೇಲೆ ಇಲ್ಲ. ಬಿಡುವ ಅರ್ಜಿಗೆ ದಿನಾಂಕದ ಸ್ವೀಕೃತಿ ಇಲ್ಲದಿದ್ದರೆ ಈ ಲೆಕ್ಕ ಶುರುವಾಗುವುದೇ ಇಲ್ಲ.

ಇತರ ದೂರಿಗೆ ಯುಜಿಸಿಯ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ, ಅದರ ಮೇಲೆ ಓಂಬುಡ್ಸ್‌ಪರ್ಸನ್. ಸಮಿತಿಗೆ 15 ಕೆಲಸದ ದಿನ. ತೀರ್ಮಾನ ಒಪ್ಪದಿದ್ದರೆ 15 ದಿನದಲ್ಲಿ ಮೇಲ್ಮನವಿ. ಓಂಬುಡ್ಸ್‌ಪರ್ಸನ್ ಆಗುವವರು ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕ ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು. ಅಂಗವಿಕಲ ವಿದ್ಯಾರ್ಥಿಗಳ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬರಹಗಾರರ ನೆರವು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಪರೀಕ್ಷೆಯ ದಿನ ಕೇಳಿದರೆ ಸಿಗುವುದಿಲ್ಲ, ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಪ್ರತಿ ಇಟ್ಟು ನವೆಂಬರ್‌ನಲ್ಲೇ ಅರ್ಜಿ ಹಾಕಿಸಿ.

ಉತ್ತರ ಬಾರದಿದ್ದರೆ

30 ದಿನ ಕಾದು ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತದೆ, ಬಿಪಿಎಲ್‌ನವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಏಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬೇಡಿ, ಕಾರಣ ಹೇಳುವುದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. "ದಿನಾಂಕ ಇಂಥದರ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಅರ್ಜಿ ಇದ್ದ ಪ್ರತಿ ಅಧಿಕಾರಿಯ ಪದನಾಮ ಮತ್ತು ಅವಧಿ" ಎಂದು ಕೇಳಿ. ಅನುದಾನರಹಿತ ಖಾಸಗಿ ಶಾಲೆಗೆ ನೇರವಾಗಿ ಹಾಕಬೇಡಿ, ಆ ಶಾಲೆಯ ಬಗ್ಗೆ ಬಿಇಒ ಕಚೇರಿಯಲ್ಲಿರುವ ಪತ್ರವ್ಯವಹಾರ ಕೇಳಿ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ.

ಕಂಪ್ಯೂಟರ್ ಸಹಾಯಕರನ್ನು 11ನೇ ತಿಂಗಳಿಗೂ ಉಳಿಸಿಕೊಂಡದ್ದು ಏಪ್ರಿಲ್‌ಗಾಗಿ. ಫೆಲೋಗಳ ಅವಧಿ ಮುಗಿದ ಮೇಲೂ ವಿದ್ಯಾರ್ಥಿವೇತನದ ಕಂತು, ಆಯೋಗದ ವಿಚಾರಣೆ, ಎರಡನೇ ಮೇಲ್ಮನವಿ ನಡೆಯುತ್ತಲೇ ಇರುತ್ತವೆ. ಮಾರ್ಚ್ ಕೊನೆಯ ವಾರ ಪ್ರತಿ ಬಾಕಿ ಪ್ರಕರಣದ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಮುಂದಿನ ಗಡುವಿನ ದಿನಾಂಕ ಮತ್ತು ಯಾವ ಕಚೇರಿ ಎಂದು ಬರೆಸಿ, ಒಂದು ಪ್ರತಿಯನ್ನು ಪೋಷಕರ ಕೈಗೆ ಕೊಟ್ಟು ಸಹಿ ಪಡೆಯಿರಿ.